ಏಣಿಯ ಮೇಲೆ ಮಲಗಿ ಹೋದ ಹೂವು

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಈರುಳ್ಳಿ, ಆಲೂಗಡ್ಡೆ ಹಾಕಿಡುವ ಒಂದು ಬಿದಿರಿನ ಬುಟ್ಟಿಯಿದೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಮೇಲೆ ಕಾಣುವಂತೆ ಒಳ್ಳೊಳ್ಳೆಯ ಈರುಳ್ಳಿ, ತಳದಲ್ಲಿ ಯಾರೂ ಪ್ರಸ್ತಾಪಿಸದ ಸಿಪ್ಪೆ, ಮಣ್ಣು, ಮೊಳೆತು ಮುದುಡಿದ ಒಂದೆರಡು ಬೆಳ್ಳುಳ್ಳಿ. ಈ ಸಲ ಬೇಸಿಗೆ ಕಾಲಿಡುವ ಹೊತ್ತಿಗೆ, ಒಂದು ಬೆಳಗ್ಗೆ ಅದರೊಳಗೆ ಕೈಯಾಡಿಸುತ್ತಿದ್ದವಳಿಗೆ ಕರುವಿನ ಮೂಗಿನ ಹಾಗೆ ತಣ್ಣಗೆ, ನುಣ್ಣಗೆ ಏನೋ ತಾಕಿತು. ಚಳಿಗಾಲವಿಡೀ ಮಣ್ಣಿಲ್ಲದೆ, ನೀರಿಲ್ಲದೆ ಈರುಳ್ಳಿಗಳ ನಡುವೆ ಮಲಗಿದ್ದ ನನ್ನ ಗಡ್ಡೆ ನಸುಗೆಂಪು ಮೊಳಕೆಯೊಂದನ್ನು ಹೊರಗೆ ಚಾಚಿತ್ತು. ಅದನ್ನು ನೋಡಿ ನಾನು ಒಲೆಯ ಮೇಲಿನ ಹಾಲನ್ನು ಮರೆತೆ. ಹಾಲು ಉಕ್ಕಿದ್ದನ್ನು ಅತ್ತೆ ಶುಭವೆಂದರು. ಗಡ್ಡೆಯ ವಿಷಯ ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ವೂಡೂ ಲಿಲಿ ಎಂದು ಅದರ ಹೆಸರು. ಹೆಸರಿನ ಪೂರ್ವಾರ್ಧದ, ಅಂದರೆ ಅದರಲ್ಲಿದ್ದ ಮಾಟಮಂತ್ರದ, ಕಡೆಗೆ ನಾನು ಅಷ್ಟಾಗಿ ಗಮನ ಕೊಟ್ಟಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು. ನಮ್ಮ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಸಂತರೊಬ್ಬರ ಪ್ರತಿಮೆ ಕೈಯಲ್ಲಿ ಲಿಲಿಯ ಕಡ್ಡಿ ಹಿಡಿದು ನಿಂತಿರುತ್ತಿತ್ತು. ಅಂದಿನಿಂದ ನನ್ನ ಮಟ್ಟಿಗೆ ಲಿಲಿ ಎಂದರೆ ಬಿಳುಪು, ತಂಪು, ಬಿಗಿಯಾಗಿ ಹೆಣೆದ ಎರಡು ಜಡೆ, ಕೇಳಿದಾಗ ಮಾತ್ರ ಬಾಯಿ ಬಿಡುವ ಹುಡುಗಿ. ಹಾಗಾಗಿ, ಗಿಡ ಬೆಳೆಸುವವರ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಈ ಗಡ್ಡೆಗಳನ್ನು ಮಾರುತ್ತಿದ್ದಾಗ ಹಿಂದುಮುಂದು ನೋಡದೆ ತರಿಸಿಕೊಂಡೆ. ಬಂದದ್ದು ನಮ್ಮ ಸುವರ್ಣಗಡ್ಡೆಯ ದಾಯಾದಿ. ನಾವಿರುವ ಈ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನಲ್ಲಿ ಸುರಣವೆಂದು ರಾಶಿ ಹಾಕಿರುತ್ತಾರಲ್ಲ, ಅದೇ ಒರಟು ಮೈ, ಅದೇ ತಲೆಯ ನಡುವೆ ಗುಳಿ.

ಕೆಲವು ವರ್ಷ ಅದು ಬರೀ ಎಲೆ ಕೊಟ್ಟಿತು. ಬರೀ ಎಲೆ ಎಂದರೂ ತಪ್ಪೇ. ಹಾವಿನ ಚರ್ಮದಂತೆ ಮಚ್ಚೆಮಚ್ಚೆಯಾದ ಒಂದೇ ಕಾಂಡ, ಅದರ ತುದಿಯಲ್ಲಿ ಬಿಚ್ಚಿದ ಛತ್ರಿಯಂಥ ಒಂದೇ ಎಲೆ. ಮಳೆಗಾಲವೆಲ್ಲ ಬಾಲ್ಕನಿಯಲ್ಲಿ ಛತ್ರಿ ಬಿಚ್ಚಿಕೊಂಡು ನಿಲ್ಲುವುದು, ಚಳಿ ಬಿದ್ದೊಡನೆ ಮಡಚಿಕೊಂಡು ಒಣಗುವುದು. ಆಮೇಲೆ ನಾನು ಗಡ್ಡೆಯನ್ನು ಅಗೆದು, ಒರೆಸಿ, ಬುಟ್ಟಿಯಲ್ಲಿಡುವುದು. ಎಲೆ ಕಾಲಕಾಲಕ್ಕೆ ದುಡಿದು ಗಡ್ಡೆಯನ್ನು ಸಾಕಷ್ಟು ದಪ್ಪ ಮಾಡಿದ ಮೇಲೆಯೇ ಹೂವಂತೆ. ಇಷ್ಟು ಕಾದವಳು ಆ ಹೂವನ್ನು ಅದು ಅರಳಿ, ಬಾಡಿ, ತಾನಾಗಿ ಬೀಳುವವರೆಗೂ ನೋಡಬೇಕೆಂದು ಆಸೆಪಟ್ಟರೆ ಅತಿಯಾಯಿತೆ, ನೀವೇ ಹೇಳಿ.

ಮೊಳಕೆ ನೋಡನೋಡುತ್ತಿದ್ದಂತೆ ನನ್ನ ಹೆಗಲಿಗೆ ಬಂತು. ಗಡ್ಡೆಯನ್ನು ಅವಸರದಿಂದ ಕುಂಡದಲ್ಲಿ ಕೂರಿಸಿ ಬಾಲ್ಕನಿಗೆ ಒಯ್ದಿಟ್ಟೆ. ಒಂದು ಶನಿವಾರ ಸಂಜೆ ಹೂವು ಬಿಚ್ಚಿತು: ಬಾಳೆಹೂವಿನ ಬಣ್ಣದ, ಅಂಚು ನಿರಿಗೆಗಟ್ಟಿದ ಒಂದು ದೊಡ್ಡ ಸೆರಗು, ಅದರ ನಡುವಿನಿಂದ ಮೇಲೆದ್ದ ಕಡುಗೆಂಪು ಕೋಲು. ಚೆಲುವಿಗೇನೂ ಕಡಿಮೆಯಿರಲಿಲ್ಲ. ಆದರೆ ವಾಸನೆ! ಸೋಫಾದ ಹಿಂದೆ ಇಲಿಯೊಂದು ಸತ್ತು, ಅದರ ದುಃಖಕ್ಕೆ ಅದರ ಬಂಧುಬಳಗವೆಲ್ಲ ಅಲ್ಲೇ ಪ್ರಾಣಬಿಟ್ಟರೆ ಹೇಗಿದ್ದೀತೋ ಹಾಗೆ. ಅತಿಥಿಯ ಎದುರು ಮೂಗು ಮುಚ್ಚುವುದು ಅಸಭ್ಯತೆ, ಬಾಯಿಂದ ಉಸಿರಾಡಿ ಮುಗುಳ್ನಗಬೇಕು ಎಂದು ನಮ್ಮ ಸಿಸ್ಟರ್ ಒಬ್ಬರು ಕಲಿಸಿದ್ದರು. ನಾನು ಹೂವಿನ ಎದುರು ಬಾಯಿಂದ ಉಸಿರಾಡುತ್ತ ಮುಗುಳ್ನಕ್ಕೆ.

ಭಾನುವಾರ ಬೆಳಗ್ಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಾಳಿ ಮೂಸಿದರು. ಧಾರವಾಡದ ಹಳೆಯ ಓಣಿಯಲ್ಲಿ ಬೆಳೆದವರು ಅವರು. ಓಣಿಯಲ್ಲೊಂದು ಹೆಣವಿದ್ದರೆ ಅದನ್ನು ಎತ್ತುವ ತನಕ ಯಾರೂ ಒಲೆ ಹಚ್ಚಬಾರದೆಂಬುದು ಅವರಿಗೆ ಉಸಿರಾಟದಷ್ಟು ಸಹಜವಾದ ನಿಯಮ.

“ಯಾರೋ ಹೋಗ್ಯಾರ. ಒಲಿ ಹಚ್ಚಬ್ಯಾಡ,” ಎಂದರು.

“ಯಾರೂ ಹೋಗಿಲ್ರೀ ಅತ್ತಿ. ನನ್ನ ಹೂವು ಅರಳ್ಯದ,” ಎಂದೆ.

ಅವರು ಬಾಲ್ಕನಿಗೆ ಹೋಗಿ, ಹೂವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. “ಹೂವರೆ ಇರಲಿ, ಹುಲಿಯರೆ ಇರಲಿ. ಹೆಣದ ವಾಸನಿ ಬಂತಂದ್ರ ಹೆಣನ. ಅದನ್ನ ಎತ್ತೂತನಾ ಈ ಮನ್ಯಾಗ ಒಲಿ ಹತ್ತಂಗಿಲ್ಲ.”

ಚಹಾ ಕೂಡ ಸಿಗದ ನಮ್ಮ ಯಜಮಾನರು ಹೋಟೆಲಿನಿಂದ ಇಡ್ಲಿ ತರಿಸುವ ಮಾತೆತ್ತಿದರು.

“ಮನ್ಯಾಗ ಹೆಣಾ ಇಟಗೊಂಡು ಇಡ್ಲಿ ತಿಂತಿಯೇನೋ?” ಎಂದು ಅತ್ತೆ ಗದರಿದರು.

ಹಸಿದ ಗಂಡಸು ಬೇಗ ಸಂಧಾನಕ್ಕೆ ಬರುತ್ತಾನೆ. ಹೂವನ್ನು ಈಗಲೇ ತಾರಸಿಗೆ ಒಯ್ಯುವುದು, ನಾಳೆ ಬೆಳಗ್ಗೆ ಕಸದ ಘಂಟಾಗಾಡಿ ಬಂದಾಗ ಅದಕ್ಕೆ ಹಾಕಿಬಿಡುವುದು ಎಂದು ತಾಯಿಮಗನ ನಡುವೆ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಎಷ್ಟೋ ವರ್ಷ ಬಟಾಟೆಯ ಪಕ್ಕದಲ್ಲಿ ಜೋಪಾನ ಮಾಡಿದ ಜೀವಕ್ಕೆ ಒಂದೇ ಹಗಲು ಉಳಿದಿತ್ತು. ಅತ್ತೆ ಮೈಲಿಗೆ ಕಳೆಯಲು ತಲೆಗೆ ಸ್ನಾನಮಾಡಲು ಹೋದರು.

ಕುಂಡವನ್ನು ಎತ್ತಿದರೆ ಹೂವಿನ ದಂಟು ಮುರಿಯುವಂತೆ ತೂಗಾಡಿತು. ಅದಕ್ಕೇ ನಾನು ಕುಂಡಸಮೇತ ಅದನ್ನು ನಮ್ಮ ಅಲ್ಯುಮಿನಿಯಂ ಏಣಿಯ ಮೇಲೆ ಅಂಗಾತ ಮಲಗಿಸಿ, ಹಳೆಯ ದುಪಟ್ಟಾ ಹರಿದು ಅಲ್ಲಲ್ಲಿ ಮೆತ್ತಗೆ ಕಟ್ಟಿ, ಮೆಟ್ಟಿಲಲ್ಲಿ ವಾಸನೆ ಹರಡದಿರಲೆಂದು ಬಿಳಿ ಚಾದರ ಹೊದೆಸಿದೆ. ಏಣಿ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮುಂದೆ ನಮ್ಮ ಯಜಮಾನರು, ಹಿಂದೆ ನಾನು, ಮೂರನೆಯ ಮಹಡಿಯಿಂದ ಮೆಟ್ಟಿಲೇರತೊಡಗಿದೆವು. ವಾಸನೆಗೋ ವ್ಯಥೆಗೋ ನನ್ನ ಕಣ್ಣು ಸುರಿಯುತ್ತಿತ್ತು.

ಒಂದೊಂದೇ ಬಾಗಿಲು ತೆರೆಯಿತು. ಒಬ್ಬರು ಚಹಾದ ಕಪ್ಪನ್ನು ಕೆಳಗಿಟ್ಟು, ಚಪ್ಪಲಿ ಕಳಚಿ, ಕೈಮುಗಿದು ನಿಂತರು. ಟೀವಿಯ ಸದ್ದು ಅಡಗಿತು. ಧನಕವಡಿಯ ಈ ಸೊಸೈಟಿಯಲ್ಲಿ ಸಂಸಾರ ಹೂಡಿದಂದಿನಿಂದ ಹೂವಿಗೆ ಇಷ್ಟು ಗೌರವ ಕೊಡುವ ಜನರ ನಡುವೆ ಬದುಕುತ್ತಿದ್ದೇನೆಂದು ನನಗೆ ತಿಳಿದೇ ಇರಲಿಲ್ಲ. ಮನಸ್ಸು ತುಂಬಿ ಬಂತು. ಹೆಣವನ್ನು ಯಾರಾದರೂ ಮೇಲಕ್ಕೆ ಒಯ್ಯುತ್ತಾರೆಯೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದಿರಬೇಕು. ನಿನ್ನೆಯಿಂದ ವಾಸನೆ, ನಿನ್ನೆಯಿಂದ ಅತ್ತೆ ಕೆಳಗಿಳಿದು ಬಂದಿಲ್ಲ, ಸೊಸೆಯ ಕಣ್ಣಲ್ಲಿ ನೀರು, ಬಿಳಿ ಚಾದರ. ಲೆಕ್ಕ ಅವರ ಪಾಲಿಗೆ ಸರಿಯಾಗಿಯೇ ಕೂಡಿತ್ತು.

ಹೂವನ್ನು ತಾರಸಿಯ ಟ್ಯಾಂಕಿನ ನೆರಳಿಗೆ ನಿಲ್ಲಿಸಿ ಕೆಳಗಿಳಿದು ಬಂದರೆ ನಮ್ಮ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ನಮ್ಮ ಎದುರು ಮನೆಯ ಸುಲಭಾಕಾಕು ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಒದ್ದೆಗೂದಲು ಹರವಿಕೊಂಡ ಅತ್ತೆ ಅವರಿಗೆ ಪೇಪರಿನಿಂದ ಗಾಳಿ ಬೀಸುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಉರಿಯದೆಂದು ನೆರೆಯವರು ಪಿಠಲಾ-ಭಾಕರಿ ಮಾಡಿ ತಂದುಕೊಡುವುದು ಇಲ್ಲಿನ ಮರಾಠಿ ಮಂದಿಯ ಪದ್ಧತಿ. ಕಡಲೆಹಿಟ್ಟಿನ ಬಿಸಿ ಪಿಠಲಾ ಹಿಡಿದುಕೊಂಡು ಕಾಕು ಗಂಟೆ ಒತ್ತಿದ್ದಾರೆ. ಬಾಗಿಲು ತೆರೆದವರು ಸ್ವತಃ ಮೃತರು.

“ಇದು ಯಾರಿಗಂತ ಕೇಳಿದೆ,” ಎಂದರು ಅತ್ತೆ ನನ್ನತ್ತ ತಿರುಗಿ. “‘ತುಮ್ಚ್ಯಾಸಾಠೀಚ’ ಅಂದಳು, ನಿಮ್ಮ ಸಲುವಾಗೆನ ಅಂತ. ಅಲ್ಲಾ, ನಾ ಸತ್ತೇನಿ ಅಂದಮ್ಯಾಲ ಮೊದಲ ನನಗ ಹೇಳಬ್ಯಾಡೇನು?”

ನಾನು ಹೂವಿನ ಕಥೆಯನ್ನೆಲ್ಲ ಹೇಳಿದೆ. ಬಾಗಿಲಲ್ಲಿ ನೆರೆದವರು ಮುಖಮುಖ ನೋಡಿಕೊಂಡರು. ಯಾರೂ ಸತ್ತಿಲ್ಲವೆಂಬ ಸಮಾಧಾನದ ಬೆನ್ನಿಗೇ ನಿಜವಾದ ತೊಡಕು ತಲೆಯೆತ್ತಿತು. ಪಿಠಲಾವನ್ನು ಏನು ಮಾಡುವುದು? ಸಾವಿನ ಮನೆಗೆಂದು ಹೊಸ್ತಿಲು ದಾಟಿದ ಅನ್ನವನ್ನು ಕಾಕು ತಿರುಗಿ ಒಯ್ಯಲಾರರು. ಯಾರೂ ಸಾಯದ ಮನೆಯಲ್ಲಿ ಅದನ್ನು ಉಂಡರೆ ಸಾವನ್ನು ಕರೆದು ಮಣೆ ಹಾಕಿದಂತೆ. ಚೆಲ್ಲೋಣವೆಂದರೆ ಅನ್ನ. ಮುಚ್ಚಳ ತೆರೆದ ಪಾತ್ರೆ ನಮ್ಮೆಲ್ಲರ ನಡುವೆ ಹಬೆಯಾಡುತ್ತ ಕೂತಿತ್ತು. ಬೆಳಗಿನಿಂದ ಉಪವಾಸವಿದ್ದ ನಮ್ಮ ಯಜಮಾನರು ಅದನ್ನು ನೋಡುತ್ತಿದ್ದ ರೀತಿಯನ್ನು ನಾನಿಲ್ಲಿ ಬರೆಯಲಾರೆ.

ಅತ್ತೆ ಕೂದಲು ಗಂಟು ಹಾಕಿಕೊಂಡರು. “ವಾಸನಿ ಅದರದು, ಚಾದರದಾಗ ಹೋದದ್ದು ಅದು. ಅಂದಮ್ಯಾಲ ಈ ಪಿಠಲಾನೂ ಅದರ ಹೆಸರಲೆ ಬಂದದ. ಅದರ ಹೆಸರಲೆ ಉಣ್ಣೂಣು. ತಾಟ ಹಾಕು.”

ಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೊ ಇಲ್ಲವೊ ನಾನರಿಯೆ. ಹಸಿದವರು ಯಾರೂ ಆಧಾರ ಕೇಳಲಿಲ್ಲ. ಊಟ ಮುಗಿದು ಅತ್ತೆ ಕೈತೊಳೆಯುವಾಗ ನಾನು ಟವೆಲ್ಲು ಹಿಡಿದು, ಕಾನ್ವೆಂಟಿನ ಮೆಲುದನಿಯಲ್ಲಿ, ನಾಳೆಯ ಘಂಟಾಗಾಡಿಯ ವಿಷಯ ಕೇಳಿದೆ.

“ಹುಚ್ಚಿ! ಅದರ ಹೆಸರಿನ ಅನ್ನಾ ಉಂಡು ಅದನ್ನ ಕಸಕ್ಕ ಹಾಕ್ತಾರೇನು? ಋಣ ಅಂಬೋದು ಅದನೋ ಇಲ್ಲೋ?” ಎಂದು ನನ್ನ ಕೈಯಿಂದ ಟವೆಲ್ಲು ಕಸಿದುಕೊಂಡರು.

ಹೀಗೆ ನನ್ನ ಹೂವು ಉಳಿಯಿತು. ಅದು ನಿಂತಷ್ಟು ದಿನವೂ ಸಂಜೆ ಸಂಜೆ ನಾನು ತಾರಸಿಗೆ ಹೋಗಿ ಕೂತೆ. ನೊಣಗಳು ಗುಂಪುಗುಂಪಾಗಿ ಬರುತ್ತಿದ್ದವು. ಎಲ್ಲೋ ಸಾವಾಗಿದೆಯೆಂದು ನಂಬಿ ಹಾರಿಬಂದು, ಹೂವಿನ ಒಳಕ್ಕಿಳಿದು ಹುಡುಕಾಡಿ, ಏನೂ ಸಿಗದೆ, ಮೈಗೆ ಒಂದಿಷ್ಟು ಪರಾಗ ಮೆತ್ತಿಕೊಂಡು ಹೊರಬೀಳುತ್ತಿದ್ದವು. ನನ್ನ ಬಾಲ್ಕನಿಯಲ್ಲಿ ವರ್ಷವರ್ಷ ಮಲ್ಲಿಗೆ ಅರಳುತ್ತದೆ. ಅದರ ಪರಿಮಳ ಹಿಡಿದು ಈವರೆಗೆ ಯಾರೂ ನಮ್ಮ ಬಾಗಿಲು ತಟ್ಟಿಲ್ಲ. ಸುಗಂಧವನ್ನು ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಅನುಭವಿಸುತ್ತಾರೆ. ದುರ್ಗಂಧ ಬಂದರೆ ಮಾತ್ರ ‘ಏನಾಯ್ತೋ’ ಎಂದು ಎದ್ದು ಬರುತ್ತಾರೆ, ಬರಿಗೈಯಲ್ಲಿ ಬರುವುದಿಲ್ಲ, ಹಿಟ್ಟು ಕಲಸಿಕೊಂಡು ಬರುತ್ತಾರೆ. ಈ ಗಡ್ಡೆಗೆ ಅದು ಹೇಗೆ ಗೊತ್ತಾಯಿತೋ! ಒಂಟಿಯಾಗಿ, ಎಲೆಯೂ ಜೊತೆಗಿಲ್ಲದೆ ಮೇಲೇಳುವ ಹೂವು. ನಾಲ್ಕು ಜನ ಬರಲಿ ಎಂಬ ಆಸೆಗೆ ಸತ್ತಂತೆ ನಟಿಸುವುದನ್ನು ಕಲಿತಿತ್ತು.

ಸೋಮವಾರ ಸಂಜೆ ಅತ್ತೆಯೂ ಮೆಟ್ಟಿಲೇರಿ ಬಂದರು. ಅವರ ಹಿಂದೆಯೇ, ತಮ್ಮಿಂದ ಪಿಠಲಾ ಮಾಡಿಸಿದ ಹೂವು ಹೇಗಿದೆಯೆಂದು ನೋಡಲು ಸುಲಭಾಕಾಕು, ಕಣ್ಣಷ್ಟೇ ಕಾಣುವಂತೆ ಸೆರಗು ಸುತ್ತಿಕೊಂಡು ಬಂದರು. ಇಬ್ಬರೂ ಹೂವಿನ ಆಚೀಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು.

“ಸುಲಭಾ,” ಎಂದರು ಅತ್ತೆ ಮರಾಠಿಯಲ್ಲಿ, ಗಂಭೀರವಾಗಿ. “ನಿನ್ನೆ ಪಿಠಲಾಕ್ಕೆ ಉಪ್ಪು ಕಡಿಮೆಯಾಗಿತ್ತು. ನಾನು ನಿಜವಾಗಿ ಹೋದಾಗ ಹೇಳಲು ಇರುವುದಿಲ್ಲವಲ್ಲ, ಅದಕ್ಕೆ ಈಗಲೇ ಹೇಳುತ್ತಿದ್ದೇನೆ.”

“ಅಹೋ, ಅಳುತ್ತ ಕಲಸಿದ್ದೆ, ಅದರ ಉಪ್ಪೇ ಸಾಕಾದೀತೆಂದುಕೊಂಡಿದ್ದೆ,” ಎಂದರು ಕಾಕು.

ಇಬ್ಬರೂ ನಗತೊಡಗಿದರು. ನಗುವಿಗೆ ಕಾಕುವಿನ ಸೆರಗು ಮೂಗಿನಿಂದ ಜಾರಿತು. ಅವರು ಅದನ್ನು ತಿರುಗಿ ಎಳೆದುಕೊಳ್ಳಲಿಲ್ಲ.