ಪೆಟ್ಟಿಗೆಯೊಳಗಿನ ಪಾದ್ರಿ

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಿಂದಗಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದ ಹೊಸತು. ಊರಲ್ಲಿ ನಮ್ಮ ಕ್ರೈಸ್ತ ಸಭೆಯವರೆಂದರೆ ಬೆರಳೆಣಿಕೆಯ ಮನೆಗಳು. ಸರಕಾರಿ ದವಾಖಾನೆಯ ನರ್ಸಬಾಯಿ, ಅದೇ ದವಾಖಾನೆಯಿಂದ ನಿವೃತ್ತರಾಗಿದ್ದ ಕಂಪೌಂಡರ್, ಊರಂಚಿನಲ್ಲಿ ಆಡು ಸಾಕಿಕೊಂಡಿದ್ದ ಒಬ್ಬ ಮುದುಕಿ, ಪೊಲೀಸ್ ಲೈನಿನ ಒಂದೆರಡು ಕುಟುಂಬ. ನಾವು ಸೇರುತ್ತಿದ್ದ ಪ್ರಾರ್ಥನಾ ಮಂದಿರ ಕರಿಕಲ್ಲಿನ ಒಂದೇ ಕೋಣೆ. ಊರವರು ಅದನ್ನು ಕಿರಿಸ್ತಾನರ ಗುಡಿ ಎನ್ನುತ್ತಿದ್ದರು. ಸುತ್ತ ಎರೆಹೊಲ. ಬಾಗಿಲು ತೆರೆದಿಟ್ಟರೆ ಗಾಳಿ ಧೂಳನ್ನು ಒಳಗೇ ತಂದು ಸುರಿಯುತ್ತಿತ್ತು, ಮುಚ್ಚಿದರೆ ಹಾಡುಹಗಲಲ್ಲೂ ಒಳಗೆ ಸಂಜೆ.

ನನಗೊಂದು ಕಷ್ಟವಿತ್ತು. ಶಾಲೆಯಲ್ಲಿ ಗಂಟಲು ಬಿಟ್ಟು ಪಾಠ ಹೇಳುವವಳು, ಪ್ರಾರ್ಥನೆಗೆ ನಿಂತರೆ ದನಿಯೇ ಹೊರಡುತ್ತಿರಲಿಲ್ಲ. ನಮ್ಮಲ್ಲಿ ಒಬ್ಬೊಬ್ಬರಾಗಿ ಬಾಯಿಬಿಟ್ಟು ದೇವರ ಹತ್ತಿರ ಮಾತಾಡುವ ರೂಢಿ. ನನ್ನ ಸರದಿ ಬಂದರೆ ತುಟಿ ಅಲುಗುತ್ತಿತ್ತು, ಅಷ್ಟೆ. ನನ್ನ ಅಪ್ಪ ಸಭೆಯ ಹಿರಿಯರಾಗಿದ್ದವರು, ನಿಂತು ಪ್ರಾರ್ಥಿಸಿದರೆ ಬೀದಿಯವರೂ ಕೇಳಬೇಕು. ಬಹುಶಃ ಆ ದನಿಯ ಕೆಳಗೇ ನನ್ನದು ಅಡಗಿಹೋಗಿತ್ತು. 'ಆಮೆನ್' ಎನ್ನುವುದಕ್ಕೂ ಬೇರೆಯವರ ದನಿ ಏಳಲಿ ಎಂದು ಕಾಯುತ್ತಿದ್ದೆ.

ನಮ್ಮ ಪಾದ್ರಿಯವರು ಇರುತ್ತಿದ್ದದ್ದು ವಿಜಾಪುರದಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಅವರೊಬ್ಬರೇ. ಒಂದು ರವಿವಾರ ಒಂದೂರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಬಸ್ಸಿನ ಧೂಳು ಕುಡಿದು ಕುಡಿದು ಕೆಮ್ಮು ಹತ್ತಿಸಿಕೊಂಡಿದ್ದರು. ಒಮ್ಮೆ ಮುಂಬಯಿಯಲ್ಲಿದ್ದ ಅವರ ತಮ್ಮ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟ. ಆಗ ನಮ್ಮ ಕಡೆ ರೇಡಿಯೋ ಇದ್ದ ಮನೆಯೇ ದೊಡ್ಡ ಮನೆ. ಮನುಷ್ಯನ ದನಿಯನ್ನು ಹಿಡಿದಿಟ್ಟುಕೊಳ್ಳುವ ಪೆಟ್ಟಿಗೆಯನ್ನು ಯಾರೂ ಹತ್ತಿರದಿಂದ ಕಂಡಿರಲಿಲ್ಲ.

ಪಾದ್ರಿಯವರು ಮನೆಯಲ್ಲಿ ಕೂತು ಒಂದಷ್ಟು ಕ್ಯಾಸೆಟ್ಟುಗಳಲ್ಲಿ ಇಡೀ ಆರಾಧನೆಯನ್ನೇ ತುಂಬಿಸಿದರು. ಪೆಟ್ಟಿಗೆಯನ್ನು ತಂದು ನನ್ನ ಕೈಗಿಟ್ಟರು.

"ನಾ ಒಬ್ಬಾಂವ, ಊರು ನಾಕು. ಇಂಡಿಗಿ ಹೋದ್ರ ಸಿಂದಗಿ ಬಿಡ್ತೈತಿ. ಮುದ್ದೇಬಿಹಾಳಕ್ಕ ಹೋದ್ರ ಬಾಗೇವಾಡಿ ಬಿಡ್ತೈತಿ. ಇನ್ನ ಮುಂದ ನಾ ಬರ್ಲಿಲ್ಲಂದ್ರೂ ನನ್ನ ದನಿ ಬರ್ತೈತಿ. ನೀವು ಸಾಲಿ ಅಕ್ಕೋರು, ಗುಂಡಿ ಒತ್ತೋದು ನಿಮಗ ತಿಳೀತೈತಿ. ನೀವ ಇದನ್ನ ಒಯ್ರಿ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗುಂಡಿ ಒತ್ತುವವಳಿಗೆ ಯಾರೂ ಪ್ರಾರ್ಥನೆ ಮಾಡು ಎನ್ನುವುದಿಲ್ಲ. ಅವರು ಒಂದು ಊರಿಗೆ ಹೊರಟರೆ ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಊರಿನ ಬಸ್ಸು ಹತ್ತುತ್ತಿದ್ದೆ.

ಪಾದ್ರಿಯವರು ಕ್ಯಾಸೆಟ್ಟಿನಲ್ಲೂ ಎದುರಿಗೆ ನಿಂತವರಂತೆಯೇ ಮಾತಾಡಿದ್ದರು. ಶುರುವಿನಲ್ಲಿ, "ಎಲ್ಲಾರೂ ಬಂದೀರೇನು?" ಎಂದು ಕೇಳಿ ಸ್ವಲ್ಪ ತಡೆಯುತ್ತಿದ್ದರು. ಜನ ನಗುತ್ತ, "ಬಂದೇವ್ರಿ" ಎನ್ನುತ್ತಿದ್ದರು. "ಹಿಂದ ಕುಂತಾವರು ಮುಂದ ಬರ್ರಿ" ಎಂದರೆ ಹಿಂದಿನವರು ನಾಚಿಕೊಂಡು ಮುಂದೆ ಬರುತ್ತಿದ್ದರು. ಒಂದು ಕ್ಯಾಸೆಟ್ಟಿನಲ್ಲಿ ಪ್ರಸಂಗದ, ಎಂದರೆ ಉಪದೇಶದ, ನಡುವೆ ಮಾತು ನಿಲ್ಲಿಸಿ, ಬೇರೆ ಕಡೆ ಮುಖ ತಿರುಗಿಸಿದಂತೆ, "ಯಾರದು? ಒಳಗ ಬರ್ರಿ" ಎಂದಿದ್ದರು. ಮನೆಗೆ ಯಾರೋ ಬಂದಿರಬೇಕು ಎಂದು ನಾವು ಮತ್ತೆ ನಕ್ಕಿದ್ದೆವು.

ಮಳೆಗಾಲ ಮುಗಿಯುವುದರೊಳಗೆ ಪಾದ್ರಿಯವರ ಕೆಮ್ಮು ಹೆಚ್ಚಾಯಿತು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ವಿಜಾಪುರದಲ್ಲಿ ಮಣ್ಣು ಮಾಡಿದೆವು. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಮುಂದಿನ ರವಿವಾರ ಸಿಂದಗಿಯ ಆ ಕರಿಕಲ್ಲಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಯಾರು ನಿಲ್ಲಬೇಕು, ಯಾರು ಓದಬೇಕು ಗೊತ್ತಾಗದೆ ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಕಂಪೌಂಡರ್ ಮೆಲ್ಲಗೆ ಹೇಳಿದರು:

"ಹಚ್ರಿ ಅಕ್ಕೋರ. ಅವರ ದನಿ ಕೇಳಿದ್ರ ಸಮಾಧಾನ ಆಕ್ಕೈತಿ."

ಗುಂಡಿ ಒತ್ತಿದೆ. ಸುರ್ ಎಂದು ಟೇಪು ತಿರುಗಿತು. ಕೆಮ್ಮು. ಆಮೇಲೆ ಆ ಪರಿಚಿತ ದನಿ: "ಎಲ್ಲಾರೂ ಬಂದೀರೇನು?"

ಯಾರೂ ನಗಲಿಲ್ಲ. ಹಿಂದಿನಿಂದ ಆಡಿನ ಮುದುಕಿ ಒಬ್ಬಳೇ, "ಬಂದೇವ್ರಿ ಅಪ್ಪಾ," ಎಂದಳು.

ಹೊಸ ಪಾದ್ರಿಯನ್ನು ಕಳಿಸುತ್ತೇವೆ ಎಂದವರು ಕಳಿಸಲಿಲ್ಲ. ಪೆಟ್ಟಿಗೆಯೇ ನಾಲ್ಕೂ ಊರಿನ ಪಾದ್ರಿಯಾಯಿತು. ಯಾರೂ ಹೀಗೆ ಮಾಡೋಣ ಎಂದು ಮಾತಾಡಿದ್ದಿಲ್ಲ, ತಾನಾಗಿಯೇ ಆದದ್ದು. ರವಿವಾರ ಮುಂಜಾನೆ ಸಿಂದಗಿ, ಮಧ್ಯಾಹ್ನದ ಮೇಲೆ ಸರದಿಯಂತೆ ಉಳಿದ ಒಂದೂರು. ಇಂಡಿಯಲ್ಲಿ ಒಬ್ಬ ರೈಲ್ವೆ ನೌಕರನ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಅವನ ಹೆಂಡತಿ ಪೆಟ್ಟಿಗೆಗೆ ಬಿಳಿ ಅರಿವೆ ಹಾಸಿ, ಪಕ್ಕದಲ್ಲಿ ಒಂದು ಲೋಟ ನೀರು ಇಡತೊಡಗಿದಳು. ಯಾಕೆ ಎಂದರೆ, "ಕೆಮ್ಮತಾರಲ್ರಿ," ಎಂದಳು. ಮುದ್ದೇಬಿಹಾಳದಲ್ಲಿ ಒಬ್ಬ ತಾಯಿ ಆಶೀರ್ವಾದದ ಹೊತ್ತಿಗೆ ಎದ್ದು ಬಂದು ಹಸುಗೂಸನ್ನು ಪೆಟ್ಟಿಗೆಯ ಮುಂದೆ ಹಿಡಿದಳು. ಬಾಗೇವಾಡಿಗೆ ಆಲಮಟ್ಟಿಯ ಅಣೆಕಟ್ಟೆ ಕೆಲಸಕ್ಕೆ ಬಂದಿದ್ದ ಹೊರನಾಡಿನ ಕುಟುಂಬಗಳೂ ಬರುತ್ತಿದ್ದವು. ಅವರ ಮಕ್ಕಳು ಮಾತ್ರ ಟೇಪು ಸುರುವಾದೊಡನೆ ತಾಯಂದಿರ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದವು.

ಸೆಲ್ಲುಗಳಲ್ಲಿ ಬಲ ಕಡಿಮೆಯಾದಾಗ ಇನ್ನೂ ಕೆಡುಕು. ದನಿ ನಿಧಾನವಾಗಿ, ದಪ್ಪಗಾಗಿ, ಹಾಳುಬಾವಿಯ ತಳದಿಂದ ಬೇರೆ ಯಾರೋ ಅವರ ಮಾತುಗಳನ್ನೇ ಆಡುತ್ತಿದ್ದಂತೆ ಕೇಳುತ್ತಿತ್ತು. ಜನ ಕದಲದೆ ಕೂತು ಕೇಳುತ್ತಿದ್ದರು. ಹೊಸ ಸೆಲ್ಲು ಹಾಕಿದ ವಾರ, "ಇವತ್ತ ಆರಾಮ ಅದಾರ," ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು.

ಪಾದ್ರಿಯವರು ಬದುಕಿದ್ದಾಗ ಯಾರ ಕಿವಿಗೂ ಬೀಳದ ಒಂದು ಸಪ್ಪಳ ಈಗ ಎಲ್ಲರಿಗೂ ಕೇಳತೊಡಗಿತು. ಆ "ಯಾರದು" ಎನ್ನುವ ಕ್ಯಾಸೆಟ್ಟಿನಲ್ಲಿ ಮಾತಿನ ಹಿಂದೆ ಎಲ್ಲೋ ದೂರದಲ್ಲಿ, ಧಡ್, ಧಡ್, ಧಡ್. ನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

"ಅವರ ಎದಿ ಬಡಿತ ಅದು," ಎಂದಳು ನರ್ಸಬಾಯಿ.

"ಅಲ್ಲ ಬಿಡವ್ವ. ನಾ ಎಷ್ಟ ಮಂದಿ ಎದಿ ಕೇಳೀನಿ," ಎಂದರು ಕಂಪೌಂಡರ್.

ಮುದುಕಿ ನೆಲ ನೋಡುತ್ತ ಹೇಳಿದಳು: "ಮೊಳಿ ಹೊಡ್ಯಾಕತ್ತಾರ. ಹೆಣದ ಪೆಟಿಗಿ ಮುಚ್ಚಾಕ."

ಆಮೇಲೆ ಆ ಸಪ್ಪಳ ನನಗೂ ಬೇರೆ ರೀತಿ ಕೇಳಲಿಲ್ಲ. "ಯಾರದು? ಒಳಗ ಬರ್ರಿ" ಎಂದಾಗ ಒಬ್ಬರೂ ಉಳಿಯದಂತೆ ಎಲ್ಲರೂ ಬಾಗಿಲ ಕಡೆ ತಿರುಗುತ್ತಿದ್ದರು. ಹೊರಗೆ ಬಿಸಿಲು, ಬಯಲು, ಯಾರೂ ಇಲ್ಲ. ಒಂದು ವಾರ ಬಾಗಿಲು ಮುಚ್ಚಿತ್ತು. ಪೊಲೀಸ್ ಲೈನಿನ ಹೆಣ್ಣುಮಗಳು ಎದ್ದು ಹೋಗಿ ತೆರೆದಳು. ಗಾಳಿ ಒಳಬಂತು. ಬಾಗಿಲ ಹತ್ತಿರ ಕೂತಿದ್ದವರು ಒತ್ತಿಕೊಂಡು ಜಾಗ ಮಾಡಿದರು. ಅಂದಿನಿಂದ ಕೊನೆಯ ಬೆಂಚಿನ ತುದಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅದು ಯಾರ ಜಾಗ ಎಂದು ಯಾರೂ ಕೇಳುತ್ತಲೂ ಇರಲಿಲ್ಲ.

ಪೆಟ್ಟಿಗೆ ಇರುತ್ತಿದ್ದದ್ದು ನನ್ನ ಬಾಡಿಗೆ ಕೋಣೆಯಲ್ಲಿ. ಶಾಲೆಯಿಂದ ಬಂದು ಅಡಿಗೆಗೆ ಒಲೆ ಹಚ್ಚುವಾಗ ಅದರ ಕಡೆ ಬೆನ್ನು ಮಾಡಲು ಹೆದರಿಕೆ. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ. ಹಾಡುವುದನ್ನೂ ಜನ ಬಿಟ್ಟಿದ್ದರು. ಪ್ರಾರ್ಥನೆಗೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ನಾಲ್ಕೂ ಊರಿನಲ್ಲಿ ಬದುಕಿದ್ದ ನಾವು ಸುಮ್ಮನಿದ್ದೆವು, ಸತ್ತವರೊಬ್ಬರೇ ಮಾತಾಡುತ್ತಿದ್ದರು. ಎಲ್ಲರೂ ನನ್ನ ಹಾಗೆಯೇ ಆಗಿಬಿಟ್ಟಿದ್ದರು.

ಸುದ್ದಿ ವಿಜಾಪುರಕ್ಕೆ ಮುಟ್ಟಿತು. ಮುದ್ದೇಬಿಹಾಳದ ಯಾರೋ ಪಾದ್ರಿಯವರ ಹೆಂಡತಿಯನ್ನು ಸಂತೆಯಲ್ಲಿ ಕಂಡು, "ನಿಮ್ಮ ಯಜಮಾನ್ರು ಇನ್ನೂ ಬರ್ತಾರ್ರಿ," ಎಂದರಂತೆ. ಒಂದು ರವಿವಾರ ಅಮ್ಮಾರು ಮುಂಜಾನೆಯ ಬಸ್ಸಿಗೆ ಸಿಂದಗಿಗೆ ಬಂದಿಳಿದರು. ನಾವೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ದಪ್ಪ ಅಂಚಿನ ಬಿಳಿ ಇಳಕಲ್ ಸೀರೆ, ಕೈಯಲ್ಲೊಂದು ಚೀಲ. ಒಳಗೆ ಬಂದು ನೋಡಿದರು. ಎಲ್ಲ ಕಡೆ ಜನ ಒತ್ತಿಕೊಂಡು ಕೂತಿದ್ದರು, ಖಾಲಿ ಇದ್ದದ್ದು ಆ ಒಂದೇ ತುದಿ. ಯಾರಾದರೂ ತಡೆಯುವುದರೊಳಗೆ ಅಲ್ಲಿಯೇ ಹೋಗಿ ಕೂತುಬಿಟ್ಟರು.

"ನಡಸ್ರಿ," ಎಂದರು ನನಗೆ. "ನೀವು ವಾರಾ ಏನ್ ಕೇಳ್ತೀರಿ, ಅದನ್ನ ಹಚ್ರಿ."

ಪೆಟ್ಟಿಗೆಯೊಳಗಿದ್ದದ್ದು ಆ "ಯಾರದು" ಕ್ಯಾಸೆಟ್ಟೇ. ಬದಲಿಸುವಷ್ಟು ಧೈರ್ಯ ನನಗೆ ಬರಲಿಲ್ಲ. ಒತ್ತಿದೆ.

"ಎಲ್ಲಾರೂ ಬಂದೀರೇನು?"

ಅಮ್ಮಾರ ಮುಖ ಬಿಗಿಯಿತು. ಕಣ್ಣು ಮುಚ್ಚಿಕೊಂಡರು. ಪ್ರಸಂಗ ಶುರುವಾಯಿತು. ಹಿಂದೆ, ಧಡ್, ಧಡ್. ನಾವೆಲ್ಲ ಅವರನ್ನೇ ನೋಡುತ್ತಿದ್ದೆವು. ಅವರು ತಟ್ಟನೆ ಕಣ್ಣು ತೆರೆದರು.

"ಅಯ್ಯ, ಅದು ನಾನಲ್ಲೇನು!" ಎಂದರು.

ಕಂಪೌಂಡರ್ ಎದ್ದೇ ನಿಂತರು. "ಏನಂದ್ರಿ ಅಮ್ಮಾರ?"

"ನಾನ್ರಿ. ಹಿತ್ತಲದಾಗ ಶೇಂಗಾ ಚಟ್ನಿ ಕುಟ್ಟಾಕತ್ತಿದ್ದೆ. ಸಪ್ಪಳ ಮಾಡಬ್ಯಾಡ ಅಂತ ಅವರು ಕೈಸನ್ನಿ ಮಾಡಿದ್ರು, ನಾ ಕೇಳಲಿಲ್ಲ." ಅವರ ತುಟಿಯ ಮೇಲೆ ನಗು ಬಂದು, ನಿಲ್ಲಲಾರದೆ ನಡುಗಿತು. ತಮ್ಮದೇ ಕೈಯ ಸಪ್ಪಳವನ್ನು ತಲೆ ಓರೆ ಮಾಡಿ ಕೇಳುತ್ತ ಕೂತರು. ಯಾರೋ ಬಿಕ್ಕಿದರು, ಯಾರೋ ನಕ್ಕರು. ತಿಂಗಳುಗಟ್ಟಲೆ ನಮ್ಮನ್ನು ಹೆದರಿಸಿದ್ದು ಚಟ್ನಿ ಕುಟ್ಟುವ ಒನಕೆ.

ಆಗ ಸಪ್ಪಳ ನಿಂತಿತು. ಪೆಟ್ಟಿಗೆ ಹೇಳಿತು: "ಯಾರದು? ಒಳಗ ಬರ್ರಿ."

ಅಂದು ಬಾಗಿಲ ಕಡೆ ತಿರುಗದೆ ಇದ್ದವರು ಅಮ್ಮಾರೊಬ್ಬರೇ. ಅವರ ಮುಖದ ನಗು ಹೋಗಿತ್ತು.

"ಅವತ್ತ ಯಾರ ಬಂದಿದ್ರಿ ಮನಿಗಿ?" ಮುದುಕಿ ಕೇಳಿಯೇಬಿಟ್ಟಳು.

"ಯಾರೂ ಬಂದಿದ್ದಿಲ್ಲ," ಎಂದರು ಅಮ್ಮಾರು. "ಗಾಳಿ ಭಾಳ ಇತ್ತಂತ ಮುಂಚಿಬಾಗಲಕ್ಕ ಅಗಳಿ ಹಾಕಿದ್ದೆ. ಅವರು ಟೇಪ ಬಂದ ಮಾಡಿದ್ರು. ನಾನೂ ಕುಟ್ಟೋದು ಬಿಟ್ಟು ಬಂದು ಕೇಳಿದೆ, ಯಾರ್ರಿ ಅಂತ. ಯಾರೋ ಬಾಗಲದಾಗ ನಿಂತಂಗಾತು, ಅಂದ್ರು. ನನ್ನ ಕಡಿ ನೋಡಲೇ ಇಲ್ಲ. ಬಾಗಲನ ನೋಡಕೋತ ಕುಂತ್ರು."

ಪೆಟ್ಟಿಗೆಯಲ್ಲಿ ಪಾದ್ರಿಯವರು ಪ್ರಸಂಗ ಮುಂದುವರಿಸಿದ್ದರು. ಏನು ಹೇಳುತ್ತಿದ್ದರೋ ಯಾರಿಗೂ ಗೊತ್ತಾಗಲಿಲ್ಲ. ಅಮ್ಮಾರು ಎದ್ದು ಬಂದು ಪೆಟ್ಟಿಗೆಯ ಮುಂದೆ ನಿಂತರು. ಜ್ವರ ಬಂದವರಿಗೆ ಹೊದಿಕೆ ಹೊದಿಸುವಾಗ ಆಡುವ ದನಿಯಲ್ಲಿ ಹೇಳಿದರು:

"ಸಾಕ್ರಿ. ಭಾಳ ದಣದೀರಿ. ಇನ್ನ ಸುಮ್ಮನಾಗ್ರಿ."

ಆಮೇಲೆ ನನ್ನನ್ನು ನೋಡಿದರು. "ಬಂದ ಮಾಡವ್ವ."

ಬೆರಳು ಏಳಲಿಲ್ಲ. ಮಾತಾಡುತ್ತಿದ್ದ ಪಾದ್ರಿಯವರನ್ನು ನಡುವೆ ತಡೆಯುವುದು ಹೇಗೆ? ಅದು ಗುಂಡಿಯಲ್ಲ, ಅವರ ಬಾಯಿಯ ಮೇಲೆ ಕೈ ಇಟ್ಟಂತೆ ಅನಿಸಿತು. ಅಮ್ಮಾರು ನನ್ನ ಮೊಣಕೈ ಮುಟ್ಟಿದರು. ಒತ್ತಿದೆ. ಟಕ್ ಎಂದಿತು. ಹೊರಗೆ ಬೇವಿನ ಎಲೆ ಅಲುಗುವುದೂ ಕೇಳುತ್ತಿತ್ತು.

"ನೀ ಓದು," ಎಂದರು ಅಮ್ಮಾರು.

"ನನಗ ಬರೂದಿಲ್ರಿ."

"ಸಾಲಿ ಕಲಸಾಕಿ, ಓದಾಕ ಬರೂದಿಲ್ಲೇನು? ಎಲ್ಲಿ ಬಿಚ್ಚತೈತಿ, ಅಲ್ಲಿಂದ ಓದು."

ಬೈಬಲ್ಲು ಬಿಚ್ಚಿದೆ. ನನ್ನ ನಸೀಬಕ್ಕೆ ಸಿಕ್ಕಿದ್ದು ಸಮಾಧಾನದ ಮಾತೂ ಅಲ್ಲ, ಕತೆಯೂ ಅಲ್ಲ. ಎಂದೋ ಸತ್ತುಹೋದ ಹಿರಿಯರ ಹೆಸರಿನ ಉದ್ದ ಸಾಲು. ಇವನ ಮಗ ಅವನು, ಅವನ ಮಗ ಇನ್ನೊಬ್ಬ. ನಾಲಿಗೆ ತಿರುಗದಂಥ ಹೆಸರುಗಳು. ಆದರೆ ಹೆಸರು ಓದುವುದು ನನಗೆ ದಿನದ ಕೆಲಸ. ಶಾಲೆಯಲ್ಲಿ ಹಾಜರಿ ಕರೆಯುವಂತೆ ಮೊದಲನೆಯದನ್ನು ಓದಿದೆ. ಎರಡನೆಯದನ್ನು ಓದಿದೆ. ಒಂದೊಂದು ಹೆಸರಿಗೂ ರೂಢಿಯಂತೆ ಚೂರು ತಡೆಯುತ್ತಿದ್ದೆ. ಎಲ್ಲಿಂದಲಾದರೂ 'ಹಾಜರ್ರಿ' ಎಂಬ ಉತ್ತರ ಬಂದರೆ ಏನು ಮಾಡಲಿ ಎಂಬ ಹೆದರಿಕೆ. ಬರಲಿಲ್ಲ. ಪುಟದ ಕೊನೆ ಮುಟ್ಟುವಾಗ ಕೋಣೆಯನ್ನು ತುಂಬಿದ್ದ ದನಿ ಯಾರದೆಂದು ನನಗೇ ತಿಳಿಯಲಿಲ್ಲ. ಅಪ್ಪನದಲ್ಲ, ಪಾದ್ರಿಯವರದಲ್ಲ. ಒಡಕು ಒಡಕಾಗಿ, ಸ್ವಲ್ಪ ಕೀರಲಾಗಿ ಇತ್ತು.

ಅಮ್ಮಾರು ಆ ಒಂದು ಕ್ಯಾಸೆಟ್ಟನ್ನು ನನ್ನಿಂದ ಕೇಳಿ ಪಡೆದು, ಚೀಲದೊಳಗಿಟ್ಟುಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದರು. ಉಳಿದವನ್ನು ಪೆಟ್ಟಿಗೆಯ ಸಮೇತ ಮಂದಿರದ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು.

ಎಲ್ಲರಿಗೂ ಇದು ಸರಿಬರಲಿಲ್ಲ. ಕಂಪೌಂಡರ್ ಕೆಲವು ವಾರ ಬರಲೇ ಇಲ್ಲ. ಅವರ ಮನೆಗೆ ಹೋದಾಗ ಗೋಡೆಯ ಕಡೆ ನೋಡುತ್ತ, "ನಿಮ್ಮ ದನಿಯೊಳಗ ಅವರಿಲ್ರಿ ಅಕ್ಕೋರ," ಎಂದರು.

"ಇಲ್ರಿ. ನಾ ಎಲ್ಲಿಂದ ತರಲಿ ಅವರನ್ನ?" ಎಂದೆ.

ನನ್ನ ಕಡೆ ತಿರುಗಿ, "ನನಗ ಹೆಂಡತಿ ಮಕ್ಕಳಿಲ್ಲ. ವಾರಕ್ಕೊಮ್ಮೆ ನನ್ನ ಬಂದೀಯೇನು ಅಂತ ಕೇಳಾವರು ಅವರೊಬ್ಬರ ಇದ್ರು," ಎಂದರು. ಚಹಾ ಮಾಡಿಕೊಟ್ಟೆ, ಕುಡಿದರು. ಮುಂದಿನ ರವಿವಾರ ಅವರ ಮನೆಯ ದಾರಿಯಿಂದಲೇ ಹೋಗಿ, ಬಾಗಿಲಲ್ಲಿ ನಿಂತು ಕರೆದೆ. ಅಂಗಿ ತೊಟ್ಟು ಹೊರಟು ಬಂದರು.

ಪೆಟ್ಟಿಗೆಯಿಲ್ಲದೆ ಬಸ್ಸು ಹತ್ತುವಾಗ ತೊಡೆ ಹಗುರ. ಮುದ್ದೇಬಿಹಾಳದಲ್ಲಿ, ಹೆಣ್ಣುಮಗಳು ಪೀಠ ಹತ್ತಬಾರದು ಎಂದರು. ಹತ್ತಲಿಲ್ಲ, ಕೆಳಗೆ ಜನರ ನಡುವೆಯೇ ನಿಂತು ಓದಿದೆ. ಇಂಡಿಯಲ್ಲಿ ರೈಲ್ವೆಯವನ ಹೆಂಡತಿ ಒಂದು ವಾರ ನಾನು ಕೇಳುವ ಮೊದಲೇ ಎದ್ದು, ತನ್ನ ಅತ್ತೆಯ ಕಾಯಿಲೆಯ ಬಗ್ಗೆ ದೇವರ ಜೊತೆ ಜಗಳವಾಡುವಂತೆ ಪ್ರಾರ್ಥಿಸಿದಳು. ಬಾಗೇವಾಡಿಯಲ್ಲಿ ಹೊರನಾಡಿನ ಹೆಂಗಸೊಬ್ಬಳು ಹರಕು ಮುರುಕು ಕನ್ನಡದಲ್ಲಿ ಓದಿದಳು, ಮಕ್ಕಳು ಸೆರಗು ಬಿಟ್ಟು ಹೊರಬಂದು ಅವಳ ತಪ್ಪುಗಳಿಗೆ ನಕ್ಕವು.

ಎರಡು ವರ್ಷದ ಮೇಲೆ ಹೊಸ ಪಾದ್ರಿ ಬಂದರು. ಮೈಸೂರು ಕಡೆಯ ಹುಡುಗ, ನಮ್ಮ ಮಾತಿಗೆ ಬೆಚ್ಚುತ್ತಿದ್ದರು. "ನೀವು ಇನ್ನು ಕೂತ್ಕೊಳ್ಳಿ ಟೀಚರ್, ನಾನಿದ್ದೀನಲ್ಲ," ಎಂದರು. ಕೂತೆ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಅವರು ಪ್ರಸಂಗ ಮುಗಿಸಿ, "ಯಾರಾದರೂ ಪ್ರಾರ್ಥನೆ ಮಾಡ್ತೀರಾ?" ಎಂದು ಅನುಮಾನಿಸುತ್ತ ಕೇಳಿದರು. ಕೋಣೆಯ ಮೂರು ಕಡೆಯಿಂದ ಒಮ್ಮೆಲೇ ಮೂರು ಜನ ಶುರುಮಾಡಿದರು. ಅದರಲ್ಲಿ ಒಬ್ಬಳು ನಾನು. ಪೊಲೀಸ್ ಲೈನಿನ ಹೆಣ್ಣುಮಗಳಿಗೆ ಮೊದಲು ಬಿಟ್ಟುಕೊಟ್ಟು ನನ್ನ ಸರದಿಗೆ ಕಾದೆ.