ರಿಪೀಟರ್ ಸಮ ಮಾಡಿದವರು

ನಮ್ಮ ಹವ್ಯಾಸಿ ರೇಡಿಯೊ ಸಂಘದ ಅಧ್ಯಕ್ಷರು ಕಟ್ಟಡದ ಕಂಟ್ರಾಕ್ಟರು. ಜೇಬಿನಲ್ಲಿ, ಗೋಡೆ ಓರೆಯಾಗಿದೆಯೇ ಎಂದು ನೋಡುವ ರಸಮಟ್ಟ ಇಲ್ಲದೆ ಮದುವೆಗೂ ಹೋಗುವವರಲ್ಲ. ಕಡಬದ ಗುಡ್ಡದ ಮೇಲೆ ನಾವಿಟ್ಟ ರಿಪೀಟರನ್ನೂ ಆ ಪುಣ್ಯಾತ್ಮ ಒಂದು ಗೋಡೆ ಎಂದೇ ತಿಳಿದರು.

ರಿಪೀಟರ್ ದೂರದ ವಾಕಿಟಾಕಿಯ ಕ್ಷೀಣ ದನಿಯನ್ನು ಕೇಳಿ ಅದೇ ಕ್ಷಣ ಜೋರಾಗಿ ಮತ್ತೆ ಹೇಳುತ್ತದೆ. ಎರಡಕ್ಕೂ ಒಂದೇ ಆಂಟೆನಾ. ತನ್ನ ಬೊಬ್ಬೆಗೆ ತನ್ನದೇ ಕಿವಿ ಕಿವುಡಾಗದಂತೆ ಕಾಯುವುದು ಡುಪ್ಲೆಕ್ಸರ್, ಅಂದರೆ ಸಾಲಾಗಿ ನಿಂತ ತಾಮ್ರದ ಡಬ್ಬಗಳು. ಪ್ರತಿ ಡಬ್ಬದ ನೆತ್ತಿಯಲ್ಲೊಂದು ಸರಳು. ಮೀಟರ್ ನೋಡುತ್ತ ಅದನ್ನು ಕೂದಲೆಳೆಯಷ್ಟೇ ತಿರುಗಿಸಿ ಮೇಲೆ ಕೆಳಗೆ ಮಾಡಬೇಕು. ಡಬ್ಬಗಳನ್ನು ಜೋಡಿಸುವ ಕೇಬಲ್‌ಗಳನ್ನೂ ಅಳೆದೇ ಕತ್ತರಿಸಬೇಕು. ಪುತ್ತೂರಿನ ಮನೆಯಲ್ಲಿ ಊಟ ನಿದ್ದೆ ಬಿಟ್ಟು ನಾನು ಮಾಡಿದ್ದು ಇದನ್ನೇ. ಗುಡ್ಡದ ಮೇಲೆ ಕೂರಿಸಿ, ಬೀಗದ ಕೈಯನ್ನು ಅಧ್ಯಕ್ಷರಿಗೆ ಕೊಟ್ಟು, "ಎಲ್ಲ ಸಮ ಉಂಟು, ಮುಟ್ಟುದು ಬೇಡ" ಎಂದಿದ್ದೆ. ನಮ್ಮ ಕಡೆ ಸಮ ಎಂದರೆ ಸರಿ ಎಂದೂ ಅರ್ಥ.

ಮರುದಿನ ಉದ್ಘಾಟನೆ. ನಾನು ಜ್ವರ ಹಿಡಿದು ಮಲಗಿದ್ದೆ. ಭಾಷಣಗಳ ಭರಾಟೆಯಲ್ಲಿ, ರೇಡಿಯೊದಲ್ಲಿ ಒಂದು ಮಾತಾಡಿ ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಅದೇ ವಾರ ಮಳೆಗೆ ಮೊಬೈಲ್ ನೆಟ್‌ವರ್ಕ್ ಸತ್ತಿತು. ನರ್ಸ್ ಆಗಿರುವ ನನ್ನ ಹೆಂಡತಿ ಕೋಡಿಂಬಾಳದ ಕಡೆಯಿಂದ ಉಬ್ಬಸದ ಅಜ್ಜಿಯೊಬ್ಬರನ್ನು ಜೀಪಿನಲ್ಲಿ ಕಡಬದ ಆಸ್ಪತ್ರೆಗೆ ತರುತ್ತಿದ್ದಳು. ಅವಳಿಗೂ ರೇಡಿಯೊ ಲೈಸೆನ್ಸ್ ಇದೆ; ಹೊರಟ ಕೂಡಲೇ ಕರೆಯುತ್ತೇನೆ ಎಂದಿದ್ದಳು. ಆಸ್ಪತ್ರೆಯ ಹತ್ತಿರ ಸೆಟ್ ಹಿಡಿದು ಕಾದು ಕೂತ ನನಗೆ ಕೇಳಿದ್ದು ಬರೀ ಸುಯ್ ಎನ್ನುವ ಸದ್ದು. ನನಗೆ ಭಯವಾಯಿತು. ಬೀಗದ ಕೈ ಸಮೇತ ಅಧ್ಯಕ್ಷರನ್ನು ಎಳೆದುಕೊಂಡು ಗುಡ್ಡ ಹತ್ತಿದೆ.

ಸರಳುಗಳೆಲ್ಲ ಒಂದೇ ಎತ್ತರದಲ್ಲಿ, ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳಂತೆ ನಿಂತಿದ್ದವು.

"ಎಂತ ಮಾಡಿದ್ದು ಇದು?"

"ಒಂದು ಮೇಲೆ, ಒಂದು ಕೆಳಗೆ ಇತ್ತು ಮಾರಾಯ್ರೆ. ಫೋಟೊದಲ್ಲಿ ಚಂದ ಕಾಣ್ಬೇಕಲ್ವಾ? ನೀವು ಸಮ ಉಂಟು ಅಂತ ಹೇಳಿದ್ದು, ನೋಡಿದ್ರೆ ಒಂದೂ ಸಮ ಇಲ್ಲ. ರಸಮಟ್ಟ ಇಟ್ಟು ನಾನೇ ಸಮ ಮಾಡಿದೆ."

ಮೀಟರ್ ಹಚ್ಚಿ ಒಂದೊಂದೇ ಸರಳನ್ನು ತಿರುಗಿಸುತ್ತ ಹೋದೆ. ಕೊನೆಗೆ ಸುಯ್ ಸದ್ದು ಕರಗಿ ಅವಳ ದನಿ ಬಂತು.

"ಸೇತುವೆ ಮುಳುಗಿದೆ. ಅಜ್ಜಿಗೆ ಉಸಿರು ಸಿಕ್ತಾ ಇಲ್ಲ. ಯಾರಾದ್ರೂ ಇದ್ದೀರಾ?"

"ಗುಡ್ಡದ ರಸ್ತೆ ಹಿಡಿ, ಅಲ್ಲಿ ಸೇತುವೆ ಇಲ್ಲ. ನಾನು ಈಗ ಅದ್ರಲ್ಲೇ ಬಂದದ್ದು."

ಅಜ್ಜಿ ಬದುಕಿದರು. ಇನ್ನಷ್ಟು ಹೊತ್ತು ಅಲ್ಲೇ ನಿಂತಿದ್ದರೆ ಬದುಕುತ್ತಿರಲಿಲ್ಲ ಎಂದು ಹೆಂಡತಿ ಹೇಳಿದಳು.

ಮುಂದಿನ ಸಭೆ ಸುಳ್ಯದಲ್ಲಿ ನಡೆಯಿತು. ಅಜ್ಜಿಯ ಜೀವ ಉಳಿಸಿದ ಯಂತ್ರಕ್ಕಾಗಿ ಅಧ್ಯಕ್ಷರಿಗೆ ಶಾಲು ಹೊದೆಸಿದರು. "ನಮ್ಮ ರಿಪೀಟರನ್ನು ಸಮ ಮಾಡಿದ್ದು ಇವರೇ" ಎಂದರು ಮೈಕು ಹಿಡಿದವರು.

ನಾನು ಏಳಲು ಹೋದೆ. ಹೆಂಡತಿ ನನ್ನ ಅಂಗಿ ಹಿಡಿದು ಕೂರಿಸಿದಳು.

"ಸುಳ್ಳೆಂತ ಉಂಟು ಅದ್ರಲ್ಲಿ? ಅವರೇ ಅಲ್ವಾ ಸಮ ಮಾಡಿದ್ದು?"