ಸಾಖರಪುಡಾದ ಸಕ್ಕರೆ

ನಾವು ಧಾರವಾಡದ ಕಡೆಯವರಾದರೂ ಪುಣೆಯಲ್ಲಿ ನೆಲೆಸಿದ್ದರಿಂದ ಇಲ್ಲಿಯ ರೂಢಿಯಂತೆ ನಿಶ್ಚಿತಾರ್ಥಕ್ಕೆ ಸಾಖರಪುಡಾ ಎಂದೇ ಅನ್ನುತ್ತೇವೆ. ನನ್ನದು ಮುಗಿದ ವಾರಕ್ಕೇ ಮನೆಯವರು ನನ್ನನ್ನು ಕೋಥರೂಡದ ಜರ್ಮನ್ ಕ್ಲಾಸಿಗೆ ಹಾಕಿದರು. ಹುಡುಗ ಜರ್ಮನಿಯಲ್ಲಿದ್ದ. ಗಂಡಿನವರು ಜರಿ ಕಾಗದದಲ್ಲಿ ಸುತ್ತಿ ಕೊಟ್ಟ ಸಕ್ಕರೆಯ ಪೊಟ್ಟಣವನ್ನು ಅಮ್ಮ ದೇವರ ಮುಂದೆ ಇಟ್ಟಿದ್ದಳು. ಸಂಬಂಧ ಮುರಿದರೆ ಆ ಪುಡಾ ತಿರುಗಿ ಕೊಡಬೇಕು, ಅದು ನಮ್ಮ ಮನೆತನದ ಪದ್ಧತಿ.

ಒಂದು ದಿನ ಮೇಡಂ 'ಗೆಶ್ಲೊಸ್ಸನ್', ಅಂದರೆ 'ಮುಚ್ಚಿದ' ಎಂಬ ಪದ ಹೇಳಿಕೊಟ್ಟರು. ಮುಚ್ಚುವ ಕೆಲಸ ಮುಗಿದು 'ಮುಚ್ಚಿದ' ಆಯಿತೆಂದರೆ ಅದು ಕೆಂಪು, ದೊಡ್ಡದು ಇದ್ದ ಹಾಗೆ ಬರೀ ಒಂದು ಗುಣ. 'ಮುಚ್ಚಿದ ಬಾಗಿಲು' ಅನ್ನುವಾಗ ಆ ಪದಕ್ಕೆ ಒಂದು ಬಾಲ ಹಚ್ಚಬೇಕು: 'ಗೆಶ್ಲೊಸ್ಸನೆ ಟ್ಯೂರ್'. 'ಬಾಗಿಲು ಮುಚ್ಚಿದೆ' ಅನ್ನುವಾಗ ಬಾಲ ಬೇಡ. ಮುಚ್ಚಿದವರು ಯಾರೆಂದು ಎರಡರಲ್ಲೂ ಹೇಳಬೇಕಿಲ್ಲ. ಮುಂದಿನ ಉದಾಹರಣೆ 'ಫೆರ್‌ಲೋಪ್ಟ್', ಅಂದರೆ ನಿಶ್ಚಯವಾದ. ಮೇಡಂ ನನ್ನ ಉಂಗುರ ನೋಡಿ ಆ ಪದವನ್ನು ನನ್ನಿಂದಲೇ ಹೇಳಿಸಿದರು. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ನನಗೆ ಮೈ ಉರಿಯಿತು. ಯಾರೋ ಮಾಡಿ ಮುಗಿಸಿದ ಕೆಲಸದ ಹೆಸರು ಹೊತ್ತುಕೊಳ್ಳಲು ನಾನೇನು ಹುರಿದ ಶೇಂಗಾವೇ?

ಮನೆಗೆ ಬಂದರೆ ಅಮ್ಮ ಫೋನಿನಲ್ಲಿ ಬೆಳಗಾವಿಯ ಸಂಬಂಧಿಕರಿಗೆ, "ನಮ್ಮಕಿನ್ನ ಕೊಟ್ಟಾತ್ರಿ, ಇನ್ನ ಚಿಂತಿಲ್ಲ," ಎನ್ನುತ್ತಿದ್ದಳು. ಸಂಜೆ ಹುಡುಗನ ವಿಡಿಯೊ ಕಾಲ್ ಬಂತು.

"ಇವತ್ತಿನ ಪಾಠ ಹೇಳು ನೋಡೋಣ."

ದಿನವೂ ಇದೇ. ಊಟವಾಯಿತೇ ಎಂದು ಒಮ್ಮೆಯೂ ಕೇಳಿದವನಲ್ಲ. ನಾನು ತಪ್ಪಿದಾಗಲೆಲ್ಲ ಅವನ ಪಕ್ಕದಲ್ಲಿ ಗೆಳೆಯರು ನಗುವುದು ಕೇಳಿಸುತ್ತಿತ್ತು. ಇನ್ನು ಬದುಕೆಲ್ಲ ಹೀಗೇ ಪಾಠ ಒಪ್ಪಿಸಬೇಕಲ್ಲ!

ಕಾಲ್ ಮುಗಿಸಿ ನೇರ ಅಡುಗೆಮನೆಗೆ ಹೋದೆ.

"ನನಗ ಈ ಲಗ್ನ ಬ್ಯಾಡ. ಆ ಪುಡಾ ಹೊಳ್ಳಿ ಕೊಟ್ಟುಬಿಡ್ರಿ."

ಅಮ್ಮನ ಕೈಯ ಲಟ್ಟಣಿಗೆ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಅವಳು ಸಣ್ಣ ದನಿಯಲ್ಲಿ, "ಎಲ್ಲಿಂದ ಕೊಡೂದವಾ? ಮೊನ್ನೆ ಮನ್ಯಾಗ ಸಕ್ಕರಿ ತೀರಿತ್ತು, ಅದನ್ನ ಶಿರಾಕ್ಕ ಹಾಕಿದೆ. ನೀನೂ ತಿಂದಿ," ಎಂದಳು.

ತಿಂದಿದ್ದೆ, ಎರಡು ಸಲ ಹಾಕಿಸಿಕೊಂಡು. ಹೊಟ್ಟೆಗೆ ಹೋದದ್ದನ್ನು ಯಾವ ಮುಖದಿಂದ ತಿರುಗಿ ಕೊಡುವುದು? ನಗು ಬಂತು, ಅದರ ಹಿಂದೆಯೇ ಅಳು. ಅಮ್ಮ ಸೆರಗಿನಿಂದ ಹಿಟ್ಟಿನ ಕೈ ಒರೆಸಿಕೊಂಡಳು.

ಹೊರಗಿನ ಕೋಣೆಯಲ್ಲಿ ಅಪ್ಪ ಟಿವಿ ಆರಿಸಿದರು. ಎಲ್ಲ ಕೇಳಿಸಿಕೊಂಡಿದ್ದರು. ಗೂಟದಿಂದ ಸ್ಕೂಟರಿನ ಕೀಲಿ ತೆಗೆದುಕೊಂಡು ಚಪ್ಪಲಿ ಮೆಟ್ಟಿ, ಅಮ್ಮನ ಕಡೆ ತಿರುಗಿದರು.

"ಸಕ್ಕರಿ ಅಂಗಡ್ಯಾಗ ಸಿಗತದ. ಆ ಜರಿ ಕಾಗದ ಕಸಕ್ಕ ಒಗದೀಯೋ, ಇಟ್ಟೀಯೋ?"